ಬೇಡ ಎನ್ನದವನ ನಲವತ್ತು ಕಿಲೋಮೀಟರ್

ಮೂಳೂರಿನ ಅಬ್ದುಲ್ ಹಕೀಮ್ ತನ್ನ ಐವತ್ತೇಳು ವರ್ಷಗಳ ಬಾಳಿನಲ್ಲಿ ಯಾರಿಗೂ ಒಮ್ಮೆಯೂ ‘ಬೇಡ’ ಎಂದವನಲ್ಲ. ಅವನು ಈಗಿರುವ ಸೌದಿಯ ಜಿದ್ದಾ ನಗರದ ಶರಫಿಯಾ ಬಡಾವಣೆಯಲ್ಲಿ ಇದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇಲ್ಲ. ಹುಟ್ಟಿದ ಗಳಿಗೆಯಲ್ಲಿ ಸೂಲಗಿತ್ತಿ ಬೆನ್ನು ತಟ್ಟಿದಾಗ ಉಳಿದ ಮಕ್ಕಳಂತೆ ಅಳದೆ, ‘ಆಗಲಿ’ ಎಂಬಂತೆ ತಲೆಯಾಡಿಸಿದನಂತೆ. ಆ ಸೂಲಗಿತ್ತಿ ಈಗ ಇಲ್ಲ. ಆದ್ದರಿಂದ ಇದು ಪೂರ್ತಿ ನಿಜ. ಶರಫಿಯಾದ ದರ್ಜಿಯೊಬ್ಬನಿಗೆ ಯಾರದೋ ಪೊಟ್ಟಣ ತಲುಪಿಸಲು ಹೋದವನು, ದರ್ಜಿ ಟೇಪು ಹಿಡಿದು ಎದ್ದನೆಂಬ ಒಂದೇ ಕಾರಣಕ್ಕೆ ಕೋಟಿನ ಅಳತೆ ಕೊಟ್ಟು ಬಂದಿದ್ದಾನೆ. ವಿಮಾನ ನಿಲ್ದಾಣಕ್ಕೆ ಯಾರನ್ನೋ ಬಿಡಲು ಹೋಗಿ, ಅಲ್ಲಿ ನಿಂತಿದ್ದ ಅಪರಿಚಿತ ಕುಟುಂಬ ‘ನೀವೂ ಬರುತ್ತೀರಾ’ ಎಂದು ಬಾಯಿಮಾತಿಗೆ ಕೇಳಿದ್ದಕ್ಕೆ ಮದೀನಾದವರೆಗೆ ಹೋಗಿಬಂದಿದ್ದಾನೆ. ಒಂದು ಹಬ್ಬದ ದಿನ ಐದು ಮನೆಗಳಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಆರನೆಯ ಮನೆಯ ತಟ್ಟೆಯ ಮುಂದೆ ಕುಳಿತು ಮೌನವಾಗಿ ಕಣ್ಣೀರು ಹಾಕಿದ. ಬಿರಿಯಾನಿಗೆ ಖಾರ ಜಾಸ್ತಿಯಾಯಿತೆಂದು ಮನೆಯವರು ಮೊಸರು ತಂದರು. ಅದನ್ನೂ ತಿಂದ.

ಇಂಥ ಮಹಾಪುರುಷನ ಉದ್ಯೋಗ, ಒಗೆದು ಇಸ್ತ್ರಿ ಮಾಡಿದ ಹಾಸುಬಟ್ಟೆಗಳನ್ನು ಮಕ್ಕಾದ ಹೋಟೆಲುಗಳಿಗೆ ಒಯ್ಯುವ ವ್ಯಾನು ಓಡಿಸುವುದು. ಇಪ್ಪತ್ತಾರು ವರ್ಷಗಳಿಂದ ಅದೇ ದಾರಿ, ಅದೇ ಸಾಬೂನಿನ ಪರಿಮಳ. ವಾರಕ್ಕೆ ಒಂದೇ ರಜೆ, ಶುಕ್ರವಾರ. ಆದರೆ ಆ ಶುಕ್ರವಾರ ಹಕೀಮನದ್ದಾಗಿರಲಿಲ್ಲ. ಶರಫಿಯಾದ ಸಮಸ್ತ ಕಪಾಟುಗಳದ್ದಾಗಿತ್ತು. ಅಲ್ಲಿ ಹಳೆಯ ಪೀಠೋಪಕರಣಗಳ ಅಂಗಡಿ ಇಟ್ಟಿರುವ ಮುನೀಬ್ ಎಂಬವನು, ಭಾರದ ವಸ್ತು ಮಾರಾಟವಾದ ಕೂಡಲೇ ಹಗ್ಗ ಹುಡುಕುವ ಮೊದಲು ಹಕೀಮನಿಗೆ ಫೋನು ಮಾಡುತ್ತಿದ್ದ. ಹಕೀಮ್ ‘ಆಯ್ತು’ ಎನ್ನುತ್ತಿದ್ದ.

ಹೀಗಿರುವಾಗ ಹಕೀಮನ ಹೆಂಡತಿ ಸಫಿಯತ್ ಭೇಟಿ ವೀಸಾದಲ್ಲಿ ಊರಿನಿಂದ ಬಂದಳು. ಮದುವೆಯಾಗಿ ಮೂವತ್ತು ವರ್ಷವಾದರೂ ಗಂಡನ ಜೊತೆ ಕಳೆದ ದಿನಗಳನ್ನು ಅವಳು ರಜೆಯ ಲೆಕ್ಕದಲ್ಲಿಯೇ ಕಂಡವಳು. ಬಂದ ಮೇಲೆ ಏಳು ಶುಕ್ರವಾರ ಕಳೆದವು. ಏಳರಲ್ಲಿಯೂ ಅವಳು ತುಪ್ಪದ ಅನ್ನ ಮಾಡಿ, ಮುಚ್ಚಿಟ್ಟು, ಗಂಡ ಬರುವ ಹೊತ್ತಿಗೆ ಆರಿದ್ದನ್ನು ಮತ್ತೆ ಬಿಸಿ ಮಾಡಿದ್ದಳು.

ಅನ್ನ ಆರುವುದನ್ನು ಕಾಯುತ್ತ ಕೂರುವವಳಿಗೆ ಫೋನಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಇಂಗ್ಲೆಂಡಿನ ವಿಟ್ಬಿ ಎಂಬ ಕಡಲೂರಿನಿಂದ ಸ್ಕಾರ್ಬರೊ ಎಂಬ ಇನ್ನೊಂದು ಕಡಲೂರಿಗೆ ಮುದುಕ ಮುದುಕಿ ಇಬ್ಬರೂ ಬಂಡೆಗಳ ಅಂಚಿನಲ್ಲಿ ನಡೆದೇ ಹೋಗುವ ವಿಡಿಯೊ. ಹಿಂದೆ ಒಂದು ನಾಯಿ. ಸಫಿಯತ್ ಅದನ್ನು ನಾಲ್ಕು ಸಲ ನೋಡಿದಳು. ಐದನೆಯ ಸಲ ಗಂಡನನ್ನೂ ಕೂರಿಸಿಕೊಂಡಳು.

“ನೋಡಿ ಈ ಮುದುಕನನ್ನು. ಕೋಲು ಹಿಡ್ಕೊಂಡು ಹೆಂಡತಿ ಒಟ್ಟಿಗೆ ಆರಾಮ ನಡೀತಾ ಇದ್ದಾನೆ. ಕಪಾಟು ಎತ್ಲಿಕ್ಕೆ ಬಾ ಅಂತ ಒಬ್ಬನಾದ್ರೂ ಫೋನ್ ಮಾಡ್ತಾನಾ?”

“ಅವರ ಊರಲ್ಲಿ ಕಪಾಟು ಹಗುರ ಇರ್ಬಹುದು,” ಎಂದ ಹಕೀಮ್.

“ನನಗಿಂತ ಆ ಕಪಾಟೇ ಪುಣ್ಯ ಮಾಡಿದೆ. ಅದಕ್ಕೆ ಶುಕ್ರವಾರ ನೀವು ಸಿಗ್ತೀರಿ.” ಅವಳು ಫೋನು ಕೆಳಗಿಟ್ಟಳು. “ನನ್ನ ವೀಸಾ ಮುಗೀಲಿಕ್ಕೆ ಇನ್ನು ಐದು ಶುಕ್ರವಾರ ಉಂಟು. ಬೇಕಾದ್ರೆ ಮೂರು ತಿಂಗಳು ಮುಂದೆ ಹಾಕ್ಬಹುದು. ಹಾಕ್ಬೇಕಾ ಬೇಡವಾ ಅಂತ ನಿಮ್ಮ ಕಾಲು ಹೇಳ್ಲಿ.”

“ಕಾಲಾ?”

“ಇಲ್ಲಿಯೂ ಕಡಲು ಉಂಟಲ್ಲ. ದಹಬಾನ್‌ನಿಂದ ತುವಲ್‌ವರೆಗೆ ನಡೆದು ತೋರಿಸಿ. ಒಂದು ಹೆಜ್ಜೆ ಬಿಡ್ಬಾರ್ದು. ನನ್ನ ಮೊಣಕಾಲು ಸರಿ ಇದ್ದಿದ್ರೆ ನಾನೂ ಬರ್ತಿದ್ದೆ. ಶುಕ್ರವಾರ ಒಮ್ಮೆ ನಿಮ್ಮ ಕೈಗೆ ಬಂದ್ರೆ ನನಗೂ ಸ್ವಲ್ಪ ಸಿಗ್ಬಹುದು. ಆಗದಿದ್ರೆ ನಾನು ಊರಿಗೆ, ಮಗಳು ರುಮೈಸಾನ ಮನೆಗೆ ಹೋಗ್ತೇನೆ. ಅವಳಿಗೆ ಪುರುಸೊತ್ತು ಇಲ್ಲದಿದ್ರೂ ಮೊಮ್ಮಗು ನನ್ನ ಹತ್ರ ಕೂತ್ಕೊಳ್ತದೆ.”

ಹಕೀಮ್ ‘ಆಯ್ತು’ ಎಂದ. ಬೇರೇನು ಹೇಳಲು ಅವನಿಗೆ ಬರುತ್ತಿತ್ತು?

ದಹಬಾನ್, ತುವಲ್ ಎರಡೂ ಜಿದ್ದಾದ ಉತ್ತರಕ್ಕಿರುವ ಮೀನುಗಾರರ ಊರುಗಳು. ನಡುವೆ ನಲವತ್ತು ಕಿಲೋಮೀಟರ್. ಎರಡು ಶುಕ್ರವಾರದ ಕೆಲಸ, ಮೂರನೆಯದು ಬೇಕಾಗಲಾರದು ಎಂದು ಹಕೀಮ್ ಎಣಿಸಿದ. ಅವನ ಎಣಿಕೆಯಲ್ಲಿ ಬಿಟ್ಟುಹೋದದ್ದು ಒಂದೇ ಸಂಗತಿ: ಆ ರಸ್ತೆಯಲ್ಲಿ ಯಾರೂ ನಡೆಯುವುದಿಲ್ಲ. ಯಾರಾದರೂ ನಡೆಯುತ್ತಿದ್ದರೆ ಅವನ ಗಾಡಿ ಕೆಟ್ಟಿದೆ ಎಂದೇ ಅರ್ಥ. ಗಾಡಿ ಕೆಟ್ಟವನನ್ನು ಬಿಸಿಲಿನಲ್ಲಿ ಬಿಟ್ಟು ಹೋಗುವ ಜನ ಅಲ್ಲಿ ಇಲ್ಲ.

ನವೆಂಬರಿನ ಮೊದಲ ಶುಕ್ರವಾರ ಬೆಳಿಗ್ಗೆ ಕಾರನ್ನು ದಹಬಾನ್‌ನಲ್ಲಿ ನಿಲ್ಲಿಸಿ, ಕಡಲನ್ನು ಎಡಗಡೆಗೆ ಇಟ್ಟುಕೊಂಡು ಹಕೀಮ್ ದಂಡಯಾತ್ರೆ ಆರಂಭಿಸಿದ. ಹತ್ತು ನಿಮಿಷವಾಗಿರಲಿಲ್ಲ. ಬಿಳಿಯ ಕಾರೊಂದು ಪಕ್ಕದಲ್ಲಿ ನಿಂತಿತು. ಬಿಳಿಯ ಗಡ್ಡದ ಹಿರಿಯರು ತಲೆ ಹೊರಗೆ ಹಾಕಿ, “ಸದೀಕ್, ಸಯ್ಯಾರಾ ಖರಾಬ್?” ಎಂದರು. ಗೆಳೆಯಾ, ಗಾಡಿ ಕೆಟ್ಟಿತಾ?

“ರಿಯಾದಾ,” ಎಂದ ಹಕೀಮ್. ವ್ಯಾಯಾಮ.

ಹಿರಿಯರು ಬಿಸಿಲನ್ನು ನೋಡಿದರು. ಹಕೀಮನ ಹೊಟ್ಟೆಯನ್ನು ನೋಡಿದರು. ಪಾಪ, ಬುದ್ಧಿಗೆ ಬಿಸಿಲು ತಾಗಿದೆ ಎಂದುಕೊಂಡು ಬಾಗಿಲು ತೆರೆದರು. “ಯಲ್ಲಾ.” ಬಾ, ಹತ್ತು.

ಹಕೀಮ್ ಹತ್ತಿದ. ನಾಲ್ಕು ಕಿಲೋಮೀಟರ್ ಮುಂದೆ ಇಳಿದಾಗ, ಒಂದು ಹೆಜ್ಜೆಯೂ ಬಿಡಬಾರದೆಂಬ ಶರತ್ತು ನೆನಪಾಯಿತು. ಬೇರೆ ಯಾರೇ ಆಗಿದ್ದರೂ ಕಡಲಿಗೊಂದು ಕಣ್ಣು ಮಿಟುಕಿಸಿ ಮುಂದೆ ಹೋಗುತ್ತಿದ್ದರು. ಹಕೀಮ್ ರಸ್ತೆ ದಾಟಿ, ಹತ್ತಿದ ಜಾಗಕ್ಕೆ ಹಿಂದಿರುಗಿ ನಡೆಯತೊಡಗಿದ. ಆಗ ಎದುರು ದಿಕ್ಕಿಗೆ ಹೋಗುವ ಪಿಕಪ್ ನಿಂತಿತು. ಆ ಚಾಲಕನಿಗೂ ಕರುಣೆಯಿತ್ತು. ಅವನು ಹಕೀಮನನ್ನು ಹತ್ತಿಸಿಕೊಂಡು, ಹತ್ತಿದ ಜಾಗವನ್ನೂ ದಾಟಿಸಿ, ನೇರ ದಹಬಾನ್‌ಗೆ ತಂದು, ತನ್ನ ಮನೆಯಲ್ಲಿ ನಾಷ್ಟಾ ಕೊಟ್ಟು, ಜುಮಾ ನಮಾಜಿಗೆ ಜೊತೆಗೆ ಕರೆದೊಯ್ದು, ನಂತರ ಊಟಕ್ಕೂ ಕೂರಿಸಿದ. ಮೊದಲ ಶುಕ್ರವಾರದ ಒಟ್ಟು ಪ್ರಗತಿ: ಸೊನ್ನೆ.

ಎರಡನೆಯ ಶುಕ್ರವಾರ ಹಕೀಮ್ ಉಪಾಯ ಮಾಡಿದ. ಗಾಡಿ ನಿಂತ ಕೂಡಲೇ, ಹತ್ತುವ ಮೊದಲು, ಕೈಯಲ್ಲಿದ್ದ ನೀರಿನ ಬಾಟಲಿಯನ್ನು ರಸ್ತೆಯ ಬದಿಗೆ ಗುರುತಿಗೆ ಇಟ್ಟ. ಗಾಡಿಯ ಯಜಮಾನ ಇಳಿದು ಹೋಗಿ, “ಮರೆತಿದ್ದೀಯ” ಎಂದು ಬಾಟಲಿಯನ್ನು ಎತ್ತಿ ತಂದು ಅವನ ಮಡಿಲಲ್ಲಿಟ್ಟ. ಅಂದಿನಿಂದ ಮೂರು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವ ಪದ್ಧತಿ ಜಾರಿಗೆ ಬಂತು. ಆ ಮರಳುಗಾಡಿನ ಅಂಚಿನಲ್ಲಿ ಈಗಲೂ ಅಲ್ಲಲ್ಲಿ ಮೂರು ಕಲ್ಲಿನ ಗೋಪುರಗಳಿವೆ. ಮುಂದೆ ಯಾವುದೋ ಪಂಡಿತ ಬಂದು ಅವನ್ನು ಅಳೆದು, ಕಾಲ ನಿರ್ಣಯ ಮಾಡಿದರೆ ತಪ್ಪು ಆ ಪಂಡಿತನದ್ದಲ್ಲ.

ಹೀಗೆ ಮುಂದಕ್ಕೆ ಗಾಡಿಯಲ್ಲಿ, ಹಿಂದಕ್ಕೆ ನಡಿಗೆಯಲ್ಲಿ, ಮತ್ತೆ ಮುಂದಕ್ಕೆ ನಡಿಗೆಯಲ್ಲಿ ಹೋದ್ದರಿಂದ, ಇಂಗ್ಲೆಂಡಿನ ಮುದುಕ ಒಂದು ಸಲ ನೋಡಿದ್ದನ್ನು ನಮ್ಮ ಹಕೀಮ್ ಮೂರು ಸಲ ನೋಡಿದ. ಮೊದಲ ಸಲ ಗಾಜಿನಾಚೆ ಬರಿಯ ಬಿಳಿ ಬಯಲು. ಹಿಂದಿರುಗುವಾಗ ಅದೇ ಬಯಲಿನಲ್ಲಿ ಮಗುಚಿಟ್ಟ ದೋಣಿ, ಅದರ ನೆರಳಿನಲ್ಲಿ ಬಲೆ ಹೊಲಿಯುವವನು. ಮೂರನೆಯ ಸಲ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಬಳಿ ಒಂದೇ ಕಾಲಿನಲ್ಲಿ ನಿಂತ ಬಕ. ಮೂಳೂರಿನಲ್ಲಿ ಕಡಲು ಮನೆಯ ಗೋಡೆಗೆ ಬಂದು ಬಡಿಯುತ್ತದೆ. ಇಲ್ಲಿಯದು ಯಾರಿಗೂ ತೊಂದರೆ ಕೊಡಬಾರದೆಂಬಂತೆ ಮೆಲ್ಲ ಬಂದು ಮೆಲ್ಲ ಹೋಗುತ್ತದೆ. ಅದರ ಸ್ವಭಾವ ಹಕೀಮನಿಗೆ ಪರಿಚಯದ್ದೆನಿಸಿತು. ಫೋನು ಕಾರಿನಲ್ಲಿಯೇ ಇರುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಯಾರೂ ಏನನ್ನೂ ಎತ್ತಲು ಹೇಳದ ಬೆಳಗುಗಳು ಅವು.

ಸಂಜೆ ಕಾಲನ್ನು ಬಿಸಿನೀರಿನ ಬಕೇಟಿನಲ್ಲಿ ಇಳಿಬಿಟ್ಟು ಕೂತವನನ್ನು ಸಫಿಯತ್ ವಿಚಾರಿಸುತ್ತಿದ್ದಳು.

“ಇವತ್ತು ಎಷ್ಟಾಯ್ತು?”

“ಮುಂದಕ್ಕೆ ಹನ್ನೆರಡು. ಹಿಂದಕ್ಕೆ ಒಂಬತ್ತು.”

“ಹಿಂದಕ್ಕೆ ಎಂತಕ್ಕೆ ನಡೆದದ್ದು?”

ಹಕೀಮ್ ವಿವರಿಸಿದ. ಸಫಿಯತ್ ಹಣೆಗೆ ಕೈ ಹಚ್ಚಿದಳು. “ಅಲ್ಲ ಮಾರಾಯ್ರೆ, ಬೇಡ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?”

“ಹ್ಞೂಂ,” ಎಂದು ಹಕೀಮ್ ಚಹಾ ಕುಡಿದ.

ಆ ‘ಹ್ಞೂಂ’ ಮೇಲೆ ಶರಫಿಯಾದ ಹೋಟೆಲಿನಲ್ಲಿ ವಾರವಿಡೀ ಭಾಷ್ಯಗಳಾದವು. ಚಾಚಿದ ಕೈಯನ್ನು ನೋಯಿಸಬಾರದೆಂಬ ವ್ರತ ಅದು ಎಂದರು ಕೆಲವರು. ಮನುಷ್ಯನ ಪ್ರೀತಿಗೆ ತಲೆಬಾಗಿ, ತನ್ನ ಕಾಲಿಗೆ ಶಿಕ್ಷೆ ಕೊಟ್ಟುಕೊಳ್ಳುವ ತಪಸ್ಸು ಎಂದರು ಇನ್ನು ಕೆಲವರು. ನಾಲ್ಕನೆಯ ಶುಕ್ರವಾರ ಮುಗಿಯುವ ಹೊತ್ತಿಗೆ ಹತ್ತು ಕಾರು, ಮೂರು ಪಿಕಪ್, ಒಂದು ನೀರಿನ ಟ್ಯಾಂಕರ್ ಅವನನ್ನು ಹೊತ್ತಿದ್ದವು. ಹದಿನಾಲ್ಕರಲ್ಲಿ ಒಂದಕ್ಕೂ ‘ಬೇಡ’ ಎಂದಿರಲಿಲ್ಲ. ಮೂವತ್ತಾರು ಕಿಲೋಮೀಟರ್ ಮಾತ್ರ ಒಂದು ಹೆಜ್ಜೆಯೂ ಬಿಡದೆ ಮುಗಿದಿತ್ತು. ಉಳಿದದ್ದು ನಾಲ್ಕು.

ಐದನೆಯ ಶುಕ್ರವಾರ ಹಕೀಮ್ ಹೊರಟಾಗ ಮಂಚದ ಪಕ್ಕ ಸಫಿಯತ್‌ಳ ಪೆಟ್ಟಿಗೆ ಅರ್ಧ ತುಂಬಿ ಬಾಯಿ ತೆರೆದು ಮಲಗಿತ್ತು. ವೀಸಾ ಮುಗಿಯುವುದು ಮಂಗಳವಾರ. ಇಬ್ಬರೂ ಅದನ್ನು ನೋಡಿದರು. ಪಕ್ಕದ ಮನೆಯ ಜಸೀಲಾ ಈಚೆಗೆ ಕಾರು ಕಲಿತವಳು. ತುಪ್ಪದ ಅನ್ನದ ಪಾತ್ರೆ ಹಿಡಿದು ಇಬ್ಬರು ಹೆಂಗಸರೂ ತುವಲ್‌ನ ದೋಣಿಕಟ್ಟೆಯಲ್ಲಿ ಕಾಯುವುದೆಂದು ಮಾತಾಗಿತ್ತು.

ತುವಲ್‌ನ ಮಸೀದಿಯ ಮಿನಾರ ಕಣ್ಣಿಗೆ ಬಿದ್ದಿತ್ತು. ಇನ್ನು ಎರಡೇ ಕಿಲೋಮೀಟರ್ ಇದ್ದಾಗ ಹಿಂದಿನಿಂದ ಗಾಡಿಯೊಂದು ಬಂದು ನಿಂತಿತು. ಹಕೀಮ್ ಅಭ್ಯಾಸಬಲದಿಂದ ಮೂರು ಕಲ್ಲು ಪೇರಿಸಿ ತಲೆಯೆತ್ತಿದ. ಮುನೀಬ್! ಎರಡೂ ಕಿಟಕಿ ಇಳಿಸಿದ ಪಿಕಪ್, ಕುತ್ತಿಗೆಗೆ ಒದ್ದೆ ಟವೆಲು, ಮುಖದ ತುಂಬ ಬೆವರು.

“ಹಕೀಮಾಕ, ನಿಮ್ಮನ್ನು ಎಲ್ಲಿ ಅಂತ ಹುಡುಕುವುದು! ಫೋನ್ ತೆಗೀಬಾರ್ದಾ? ಹತ್ತಿ, ಹತ್ತಿ.”

“ಎಂತ ಮಾರಾಯ?”

“ಮೂರು ಬಾಗಿಲಿನ ಕಪಾಟು. ನಾಲ್ಕನೇ ಮಾಳಿಗೆ. ಲಿಫ್ಟಿಗೆ ಹೋಗುವುದಿಲ್ಲ. ನೀವು ಒಂದು ಮೂಲೆ ಹಿಡಿದ್ರೆ ಸಾಕು. ಆಮೇಲೆ ಇದೇ ಕಲ್ಲಿನ ಹತ್ರ ತಂದು ಬಿಡ್ತೇನೆ, ಅಲ್ಲಾಹನಾಣೆ.”

ಜಿದ್ದಾಕ್ಕೆ ಹೋಗಿ, ಕಪಾಟು ಏರಿಸಿ, ಬರುವಷ್ಟರಲ್ಲಿ ಶುಕ್ರವಾರ ಮುಗಿಯುತ್ತದೆ. ಮುಂದಿನ ಶುಕ್ರವಾರ ಬರುವಾಗ ಸಫಿಯತ್ ಇರುವುದಿಲ್ಲ. ಹಕೀಮ್ ಕಲ್ಲುಗಳನ್ನು ನೋಡಿದ. ಮಿನಾರವನ್ನು ನೋಡಿದ. ಪಿಕಪ್ಪಿನ ಒಳಗೆ ಬಗ್ಗಿ ಒಂದು ದೀರ್ಘ ನೋಟ ನೋಡಿದ. ಕೆಂಪು ಸಮುದ್ರದ ಅಲೆಗಳು ಆ ಕ್ಷಣ ನಿಂತವೆಂದೂ, ಬಕವು ಎತ್ತಿದ ಕಾಲನ್ನು ಕೆಳಗಿಡಲು ಮರೆಯಿತೆಂದೂ ಶರಫಿಯಾದಲ್ಲಿ ಪ್ರತೀತಿಯಿದೆ.

“ಇಲ್ಲ ಮುನೀಬ್. ಆಗುವುದಿಲ್ಲ.”

“ಎಂತ? ಇನ್ನೊಮ್ಮೆ ಹೇಳಿ?”

“ಆಗುವುದಿಲ್ಲ ಅಂದೆ. ನೀನು ಹೋಗು.”

ಮುನೀಬ್ ಕಿಟಕಿಯಿಂದ ಕೈ ಚಾಚಿ ಅವನ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ. ಆದರೆ ಹೋಗುವ ಮೊದಲು ಅರ್ಧ ಶರಫಿಯಾಕ್ಕೂ ಜಸೀಲಾಳಿಗೂ ಫೋನು ಮಾಡಿ ಸುದ್ದಿ ಮುಟ್ಟಿಸಿದ.

ಆದ್ದರಿಂದ ಹಕೀಮ್ ಜುಮಾ ಮುಗಿಸಿ ದೋಣಿಕಟ್ಟೆಗೆ ಬಂದಾಗ ಸಫಿಯತ್‌ಗೆ ಎಲ್ಲ ಗೊತ್ತಿತ್ತು. ಅವಳು ಚಾಪೆ ಹಾಸಿದಳು. ಪಾತ್ರೆಯ ಮುಚ್ಚಳ ತೆರೆದಾಗ ಅನ್ನದಿಂದ ಹಬೆ ಎದ್ದಿತು. ಪಾಪ, ಆ ಅನ್ನಕ್ಕೂ ಅದು ಹೊಸ ಅನುಭವ. ಬಡಿಸಿ, ಗಂಡ ನಾಲ್ಕು ತುತ್ತು ಉಣ್ಣುವುದನ್ನು ನೋಡಿದಳು.

“ಸಂಜೆ ಆ ಪೆಟ್ಟಿಗೆ ಖಾಲಿ ಮಾಡ್ಬೇಕು,” ಎಂದಳು ಕೊನೆಗೆ. “ವೀಸಾದ್ದು ನಾಳೆಯೇ ಮಾಡ್ಸಿ. ಮತ್ತೆ ಮಂಗಳವಾರದವರೆಗೆ ಎಳೀಬೇಡಿ.”

“ಆಯ್ತು.”

“ಒಂದು ಮಾತ್ರ ಹೇಳಿ. ಗುರುತು ಪರಿಚಯ ಇಲ್ಲದ ಹದಿನಾಲ್ಕು ಜನರಿಗೆ ಬೇಡ ಹೇಳ್ಲಿಕ್ಕೆ ನಿಮಗೆ ಬಾಯಿ ಬರ್ಲಿಲ್ಲ. ಮುನೀಬನಿಗೆ ಹೇಗೆ ಬಂತು?”

ಜಸೀಲಾ ಸೌಟು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಕಿವಿಗೊಟ್ಟಳು. ಸಫಿಯತ್ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಮೂವತ್ತು ವರ್ಷಗಳ ದಾಂಪತ್ಯ ಒಂದು ವಾಕ್ಯಕ್ಕಾಗಿ ಕಾದು ಕುಳಿತಿತ್ತು.

ಹಕೀಮ್ ತುತ್ತು ನುಂಗಿದ.

“ಅವರ ಗಾಡಿಯಲ್ಲೆಲ್ಲ ಎಸಿ ಇತ್ತು. ಮುನೀಬನದ್ದು ಎಸಿ ಕೆಟ್ಟು ಎರಡು ವರ್ಷ ಆಯ್ತಲ್ಲ.”