ವಿಲಾಯತಿ ಎರಡಾದ ವರ್ಷ

ನಮ್ಮ ಹುಬ್ಬಳ್ಳಿ ಮನೆಯಲ್ಲಿ ಬಿಳಿಯರ ನಾಡೆಲ್ಲ ಒಂದೇ: ವಿಲಾಯತಿ. ಲಂಡನ್ನೂ ವಿಲಾಯತಿ, ಜರ್ಮನಿಯೂ ವಿಲಾಯತಿ. ಆ ಮಾತನ್ನು ನಾನು ಮಲೇಷ್ಯಾದವರೆಗೂ ಹೊತ್ತು ತಂದಿದ್ದೆ. ಸುಬಾಂಗ್ ಜಯಾದ ನಮ್ಮ ಆಫೀಸು ಆಸ್ಪತ್ರೆಗಳಿಗೆ ಬೇಕಾದ ರಬ್ಬರ್ ಗ್ಲೌಸು ಹೊರದೇಶಕ್ಕೆ ಕಳಿಸುತ್ತದೆ. ಅದರ ಕಾಗದಪತ್ರ, ಲೇಬಲ್ಲು ನನ್ನ ಪಾಲು. ವಿಜಯಪುರದ ಹೆಣ್ಣುಮಗಳೊಬ್ಬಳು ನನ್ನ ಕೈಕೆಳಗೆ ಸೇರಿದಾಗ, ಮೊದಲ ದಿನವೇ ದೊಡ್ಡ ಪಂಡಿತನಂತೆ ಹೇಳಿಕೊಟ್ಟೆ: “ತಂಗಿ, ತಲಿ ಕೆಡಿಸ್ಕೋಬ್ಯಾಡ. ವಿಲಾಯತಿ ಮಾಲಿಗೆಲ್ಲಾ ಲಂಡನ್ ಅಡ್ರೆಸ್ಸಿನ ಲೇಬಲ್ ಹಚ್ಚು.”

ಆಗ ಅದು ಸರಿಯೇ ಇತ್ತು. ಇಡೀ ಯುರೋಪಿಗೆ ನಮ್ಮ ಮಾಲಿನ ಹೊಣೆ ಹೊರುವ ಏಜೆಂಟರು ಲಂಡನ್ನಿನಲ್ಲೇ ಇದ್ದರು; ಅವರ ವಿಳಾಸ ಲೇಬಲ್ಲಿನ ಮೇಲೆ ಇರಲೇಬೇಕು. ಆಮೇಲೆ ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಹೊರಬಂತು. ಇಲ್ಲಿಯ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಟಿವಿಯಲ್ಲಿ ಆ ಸುದ್ದಿ ನೋಡಿ, ಅಣ್ಣತಮ್ಮಂದಿರು ಪಾಲಾದರು ಅಂತ ನಕ್ಕವನು ನಾನು. ಇನ್ನು ಯುರೋಪಿನ ಮಾಲಿಗೆ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿನ ಹೊಸ ಏಜೆಂಟರ ವಿಳಾಸ ಹಚ್ಚಬೇಕು ಎಂಬ ಮೇಲ್ ನನಗೇ ಬಂದಿತ್ತು. ಓದಿದೆ. ಅವಳಿಗೆ ಹೇಳುವುದನ್ನು ಮರೆತೆ.

ಲಂಡನ್ ವಿಳಾಸದ ಲೇಬಲ್ ಕಂಡು ಹಾಲೆಂಡಿನ ಬಂದರಿನಲ್ಲಿ ನಮ್ಮ ಕಂಟೇನರನ್ನು ತಡೆದು ನಿಲ್ಲಿಸಿದರು. ಲೇಬಲ್ ಸರಿಯಿದೆ ಎಂದು ಸಹಿ ಹಾಕಿದ್ದವಳು ಅವಳು. ಅವಳ ಕೆಲಸದ ಪಾಸನ್ನು, ಅಂದರೆ ಈ ದೇಶದಲ್ಲಿದ್ದು ದುಡಿಯುವ ಪರವಾನಗಿಯನ್ನು, ಮುಂದುವರಿಸುವುದಿಲ್ಲ ಎಂದರು ಮ್ಯಾನೇಜರು. ಪಾಸು ಹೋದರೆ ಇಲ್ಲಿಯ ಮನೆ, ಮಗಳ ಶಾಲೆ ಎಲ್ಲವೂ ಹೋದಂತೆ. ಹೀಗೆ ಹಚ್ಚಲು ಯಾರು ಹೇಳಿದರು ಎಂದು ಅವರು ಕೇಳಿದಾಗ ಅವಳು ನನ್ನ ಕಡೆ ನೋಡಲೂ ಇಲ್ಲ. ತಪ್ಪು ತನ್ನದೇ ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನಾನೂ ಪಾಸಿನ ಮೇಲೆ ಇದ್ದವನೇ, ಹೆದರಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ನನ್ನ ಮೇಜಿನ ಹತ್ತಿರ ಬಂದಳು. “ಅಣ್ಣಾರ, ಎರಡು ಗಟ್ಟಿ ಖಾಲಿ ಬಾಕ್ಸ್ ಸಿಗ್ತಾವೇನ್ರಿ? ಮನಿ ಸಾಮಾನು ಕಟ್ಟಬೇಕು.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋಗಿ ಆ ಹಳೆಯ ಮೇಲ್ ತೆಗೆದು ತೋರಿಸಿದೆ. ಬೈಗುಳ ನನ್ನ ಪಾಲಿಗೆ ಬಂತು, ಜೊತೆಗೆ ಒಂದು ಎಚ್ಚರಿಕೆ ಪತ್ರ. ಅವಳ ಪಾಸು ಉಳಿಯಿತು.

ಹೊರಬಂದು ಅವಳಿಗೆ ಹೇಳಿದೆ. ಥ್ಯಾಂಕ್ಸ್ ಅಂದಾಳು ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಅವಳು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: “ನಿನ್ನೆನ ಮಗಳ ಹೆಸರು ಶಾಲಿಯಿಂದ ತಗಿಸಿ ಬಂದೀನ್ರಿ. ಒಂದ್ ದಿನ ಮೊದಲ ಹೇಳಾಕ ಏನಾಗಿತ್ರಿ ಅಣ್ಣಾರ, ನಿಮಗ?”