ಅವ್ವನ ಹಳೆಯ ಸೀರೆಯ ಪಟ್ಟಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೂಡ್ಲಿಗಿಯಿಂದ ಕೊಟ್ಟೂರಿಗೆ ಬಾಡಿಗೆ ಜೀಪು ಓಡಿಸುತ್ತಿದ್ದೆ. ನನ್ನಷ್ಟು ಚೆನ್ನಾಗಿ ಗಾಡಿ ಓಡಿಸುವವನು ಆ ದಾರಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಹಾಗೆ ನಂಬಿದ್ದವನು ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು. ಮೂರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಪುಟ್ಟ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟು ಓಡಿಸುವುದೆಂದರೆ ನನಗೆ ಎಲ್ಲಿಲ್ಲದ ಖುಷಿ. ನೋಡಿದವರೂ "ಅಪ್ಪನಂಗ ಮಗಳು ನೋಡ್ರಿ" ಎಂದು ಹೊಗಳುತ್ತಿದ್ದರು. ಆಗ ಪೊಲೀಸರು ಕೇಳುತ್ತಿದ್ದುದು ಲೈಸೆನ್ಸು, ಪರ್ಮಿಟ್ಟು. ಮಗು ಎಲ್ಲಿ ಕೂತಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಒಂದು ಕಾನೂನಿತ್ತು, ಅವ್ವನದು. ಅವ್ವ ಕುರಿ ಸಾಕುವವರ ಮನೆಯವಳು. ಹಿಂಡಿನ ಜೊತೆ ಊರೂರು ತಿರುಗುವಾಗ ಆಗಷ್ಟೇ ಹುಟ್ಟಿದ ಮರಿಗಳನ್ನು ಚೀಲದಲ್ಲಿ ಹಾಕಿ, ಬೀಳದಂತೆ ಕತ್ತೆಯ ಮೇಲೆ ಬಿಗಿದು ಒಯ್ಯುತ್ತಿದ್ದರು. ತಾನು ಜೀಪು ಹತ್ತಿದಾಗಲೆಲ್ಲ ಅವ್ವ ಅದೇ ಪದ್ಧತಿ ಹಿಡಿಯುತ್ತಿದ್ದಳು. ಹಳೆಯ ಸೀರೆಯ ಅಗಲವಾದ ಪಟ್ಟಿಯನ್ನು ಮಗಳ ಎರಡೂ ಹೆಗಲ ಮೇಲಿಂದ ಎದೆಗೆ ತಂದು, ತೊಡೆಗಳ ನಡುವೆ ದಾಟಿಸಿ, ಸೀಟಿನ ಬೆನ್ನಿಗೆ ಗಂಟು ಹಾಕುವಳು. ಮಗಳು ಅದನ್ನೊಂದು ಆಟವೆಂದುಕೊಂಡು ಎರಡೂ ಕೈ ಮೇಲೆತ್ತಿ ಕೂರುತ್ತಿದ್ದಳು. ಈಗ ಮಕ್ಕಳಿಗೆ ಬೇರೆ ಸೀಟು, ಬೆಲ್ಟು ಎಂದು ಕಾನೂನು ಬಂದಿದೆ. ಅವ್ವನ ಗಂಟು ನೋಡಿಯೇ ಬರೆದಿರಬೇಕು ಎಂದು ನನಗೆ ಅನುಮಾನ.

ಒಂದು ದಿನ ಹರಪನಹಳ್ಳಿಯ ತಂಗಿಯ ಮನೆಗೆ ಹೊರಟಿದ್ದೆವು. ಕೊಟ್ಟೂರಿನ ತನಕ ಪ್ಯಾಸೆಂಜರುಗಳೂ ಇದ್ದರು. ಅವರಲ್ಲೊಬ್ಬ ಇಳಿಯುವಾಗ ಮಗಳನ್ನು ಕಟ್ಟಿದ್ದು ನೋಡಿ ನಕ್ಕು ಕೇಳಿದ: "ಯವ್ವಾ, ಮಗನ ಡ್ರೈವಿಂಗ್ ಮ್ಯಾಲ ನಿನಗ ಇಷ್ಟೂ ನಂಬಿಕಿ ಇಲ್ಲೇನು?"

ನನಗೆ ಮೈ ಉರಿಯಿತು. ಗಂಟು ಬಿಚ್ಚಿ ಮಗಳನ್ನು ತೊಡೆಗೆ ಎಳೆದುಕೊಂಡು ಹೊರಟೆ. ಊರು ದಾಟಿದ ಮೇಲೆ ಅವ್ವ ಗಾಡಿ ನಿಲ್ಲಿಸಲು ಹೇಳಿದಳು. ಇಳಿದು ಬಂದು ನನ್ನ ಬಾಗಿಲ ಹತ್ತಿರ ಕೈ ಚಾಚಿದಳು.

"ಕೂಸನ್ನ ಕೊಡು. ನಾವಿಬ್ರೂ ನಡಕೊಂಡು ಬರ್ತೀವಿ."

"ನನ್ನ ಮಾನ ತೆಗೀಬ್ಯಾಡಬೇ."

"ನಿನ್ನ ಮಾನ ನೀನ ಇಟ್ಕ. ಕೂಸು ನನಗ ಕೊಡಲೇ."

ಸಿಡುಕುತ್ತಲೇ ಕೊಟ್ಟೆ. ಅವ್ವ ನನ್ನ ಹಿಂದಿನ ಸೀಟಿನಲ್ಲಿ ಅವಳನ್ನು ಮತ್ತೆ ಕಟ್ಟಿ, ಪಕ್ಕದಲ್ಲಿ ತಾನು ಕೂತಳು.

ಹತ್ತು ನಿಮಿಷ ಆಗಿರಬಹುದು. ಜೋಳದ ಹೊಲದ ಮರೆಯಿಂದ ಎತ್ತಿನ ಬಂಡಿಯೊಂದು ರಸ್ತೆಗೆ ಬಂತು. ಬ್ರೇಕ್ ಒತ್ತಿ ಪಕ್ಕಕ್ಕೆ ಎಳೆದೆ. ಜೀಪು ಜಾಲಿ ಮರಕ್ಕೆ ಗುದ್ದಿತು. ಸ್ಟೇರಿಂಗು ಎದೆಗೆ ಬಡಿದು ನನ್ನ ಉಸಿರೇ ನಿಂತಂತಾಯಿತು. ತಿರುಗಿ ನೋಡಿದರೆ ಮಗಳು ಪಟ್ಟಿಯೊಳಗೆ ಕೂತಲ್ಲೇ ಕೂತು ಜೋರಾಗಿ ಅಳುತ್ತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅವ್ವನ ಬಾಯಿ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿದು ಎರಡು ಹಲ್ಲು ಹೋಗಿದ್ದವು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೇಳಿದಳು: "ನಿನಗೇನೂ ಆಗಿಲ್ಲಲ್ಲ, ಮಗನ?"

ತಂಗಿಯ ಮನೆಯಲ್ಲಿ ಅಂಗಿ ಬಿಚ್ಚಿದಾಗ ಎದೆಯ ನಡುವೆ ಸ್ಟೇರಿಂಗು ಬಡಿದ ಜಾಗ ಕಪ್ಪಾಗಿ ಊದಿತ್ತು. ಮಗಳು ಓಡಿ ಬಂದು ತೊಡೆಯೇರಿ ಕೂತಳು. ಅವಳ ತಲೆ ಸರಿಯಾಗಿ ಆ ಬಾವಿನ ಮೇಲೆ ಬಂದು ಒರಗಿತು. ನಾನು ಅತ್ತುಬಿಟ್ಟೆ. ತಂಗಿ ನೋವಿಗೆ ಅಳುತ್ತಿದ್ದೇನೆಂದುಕೊಂಡು ಅರಿಶಿನ ಬಿಸಿ ಮಾಡಿ ತಂದಳು.

ಜೀಪು ರಿಪೇರಿಯಾಗಿ ಬಂದ ದಿನ ಅವ್ವ ಎಂದಿನಂತೆ ಮೊಮ್ಮಗಳನ್ನು ಕಟ್ಟಿ ಪಕ್ಕದಲ್ಲಿ ಕೂತಳು. ನಾನು ಇನ್ನೊಂದು ಹಳೆಯ ಸೀರೆಯನ್ನು ಹರಿದು ಪಟ್ಟಿ ಮಾಡಿಟ್ಟುಕೊಂಡಿದ್ದೆ. ಅದನ್ನು ಹಿಡಿದು ಅವಳ ಮುಂದೆ ನಿಂತೆ.

"ಇದ್ಯಾಕಲೇ? ನಾನೇನು ಕುರಿಮರಿ ಏನು?"

"ಸುಮ್ನ ಕೂಡಬೇ."

ಎರಡು ಹಲ್ಲು ಹೋದ ಬಾಯಲ್ಲಿ ನನ್ನನ್ನು ಬೈಯುತ್ತಲೇ ಅವ್ವ ಎರಡೂ ಕೈ ಮೇಲೆತ್ತಿದಳು, ಥೇಟ್ ನನ್ನ ಮಗಳ ಹಾಗೆ.