ಫೋಟೋದಿಂದ ಕತ್ತರಿಸಿದ ಶೀಟು

ಪಾಳು ಬಿದ್ದ ಕಟ್ಟಡ ಕಂಡರೆ ನನ್ನ ಸ್ಕೂಟರು ತಾನಾಗಿ ನಿಲ್ಲುತ್ತದೆ. ಧಾರವಾಡದ ಕಡೆಯಿಂದ ಮಣಿಪಾಲಕ್ಕೆ ಕೆಲಸಕ್ಕೆ ಬಂದವನು ನಾನು. ರಜೆ ಸಿಕ್ಕರೆ ಎಲ್ಲರೂ ಸಮುದ್ರಕ್ಕೆ ಹೋಗು ಎನ್ನುತ್ತಾರೆ. ನಾನು ಹೋಗುವುದು ಮುಚ್ಚಿದ ಹಂಚಿನ ಕಾರ್ಖಾನೆಗೆ, ಬಾಗಿಲಿಲ್ಲದ ಗೋದಾಮಿಗೆ. ಕೆಂಪುಕಲ್ಲು ಹಸಿರಾಗುವ ರೀತಿ, ಗಾರೆ ಉದುರಿದಲ್ಲಿ ಯಾರೋ ಎಂದೋ ಬಳಿದ ನೀಲಿ ಇಣುಕುವ ರೀತಿ ಹೊಸ ಮನೆಯ ಯಾವ ಗೋಡೆಯಲ್ಲೂ ಸಿಕ್ಕುವುದಿಲ್ಲ. ಹುಚ್ಚು ಎನ್ನುವವರು ಎನ್ನಲಿ.

ಕಾಪುವಿನ ಒಳರಸ್ತೆಯಲ್ಲಿ ಅಂಥದೊಂದು ಮನೆ ಸಿಕ್ಕಿತು. ಹಂಚಿನ ಮಾಡು ಕುಸಿದಿತ್ತು, ಹಲಸಿನ ಮರದ ಕೆತ್ತನೆಯ ಬಾಗಿಲಿಗೆ ಬಳ್ಳಿ ಹಬ್ಬಿತ್ತು. ಒಂದೇ ಒಂದು ತೊಂದರೆ. ಬಲಗಡೆಯ ಕೋಣೆಯ ಮೇಲೆ ಯಾರೋ ಹೊಸ ತಗಡಿನ ಶೀಟು ಹಾಕಿಸಿದ್ದರು. ಬಿಸಿಲಿಗೆ ಫಳಫಳ ಹೊಳೆದು ಇಡೀ ಚಿತ್ರವನ್ನೇ ಕೆಡಿಸುತ್ತಿತ್ತು. ಇವರಿಗೆ ಹಂಚು ಸಿಗಲಿಲ್ಲವೇ ಎಂದು ಬೈದುಕೊಳ್ಳುತ್ತಲೇ ಫೋಟೋ ತೆಗೆದು, ಮನೆಗೆ ಬಂದು ಆ ಕೋಣೆಯ ಭಾಗವನ್ನೇ ಅದರಿಂದ ಕತ್ತರಿಸಿ ಹಾಕಿದೆ.

ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಮೇಡಂಗೆ ತೋರಿಸಿದೆ. ಅವರು ನೋಡುತ್ತಲೇ ಕುಳಿತರು.

"ಇದು ನಮ್ಮ ತರವಾಡು ಮನೆ ಮಾರಾಯ್ರೆ, ಕುಟುಂಬದ ಮೂಲಮನೆ. ಬಲಗಡೆ ಒಂದು ಕೋಣೆ ಉಂಟು. ಅದು ಎಲ್ಲಿ?"

"ಯಾಕ್ರೀ, ಅದರಾಗ ಏನೈತಿ?"

"ದೈವದ ಕೋಣೆ. ದೀಪ ಇಡುವ ಜಾಗ. ಅದು ಬಿದ್ದಿದೆಯಾ?"

ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ತಾಯಿ ತೀರಿಕೊಂಡ ಮೇಲೆ ಪಾಲಿನ ಜಗಳದಲ್ಲಿ ಅಕ್ಕನೊಂದಿಗೆ ಮಾತು ಬಿಟ್ಟಿದ್ದರಂತೆ. ಅಂದಿನಿಂದ ಆ ಮನೆಯ ಕಡೆ ತಲೆ ಹಾಕಿಲ್ಲ. ಇನ್ನು ಆ ಕೋಣೆಗೆ ದಿಕ್ಕಿಲ್ಲ ಎಂಬ ಭಯ ಒಳಗೊಳಗೇ ಇತ್ತು. ಹೋಗಿ ನೋಡುವ ಧೈರ್ಯವಿರಲಿಲ್ಲ. ನಾನು ಕತ್ತರಿಸದ ಫೋಟೋ ತೆಗೆದು ತೋರಿಸಿದೆ. ಕೋಣೆ ನಿಂತಿತ್ತು. ದೊಡ್ಡದು ಮಾಡಿ ನೋಡಿದರೆ ಗುಡಿಸಿದ ಹೊಸ್ತಿಲು, ಅದರ ಮೇಲೆ ಬಾಡದ ಕೇಪಳ ಹೂ. ನಾನೇ ತೆಗೆದ ಫೋಟೋ, ನಾನೇ ನೋಡಿರಲಿಲ್ಲ!

"ಶೀಟು ಹಾಕಿಸಿದ್ದು ಯಾರು?" ಎಂದರು ಮೇಡಂ.

ನನಗೂ ಅದೇ ಕುತೂಹಲ. ಭಾನುವಾರ ಬರುವವರೆಗೂ ಸಮಾಧಾನವಿರಲಿಲ್ಲ. ಮತ್ತೆ ಕಾಪುವಿಗೆ ಹೋಗಿ, ಆ ಮನೆಯ ಪಕ್ಕದ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸನ್ನು ಕೇಳಿದೆ. ಅವರು ಕೈ ನಿಲ್ಲಿಸದೆ ಹೇಳಿದರು:

"ಕಾರ್ಕಳದ ಅಕ್ಕ ಅಲ್ವಾ? ಪ್ರತಿ ತಿಂಗಳು ಸಂಕ್ರಮಣಕ್ಕೆ ಬಸ್ಸಲ್ಲಿ ಬರ್ತಾರೆ. ಹೋದ ವಾರ ಸಹ ಬಂದಿದ್ದರು. ಮನೆ ಬಿದ್ದರೆ ಬೀಳಲಿ, ದೈವ ಮಳೆಗೆ ನೆನೆಯಬಾರದು ಅಂತ ಶೀಟು ಹಾಕಿಸಿದ್ದು ಅವರೇ. ತಂಗಿ ಒಬ್ಬಳು ಮಣಿಪಾಲದಲ್ಲಿ ಇದ್ದಾಳಂತೆ, ಬರುವುದಿಲ್ಲ. ಆದರೆ ಅಕ್ಕ ಕೈ ಮುಗಿಯುವಾಗ ಅವಳ ಹೆಸರೇ ಮೊದಲು."

ನನಗೆ ಸಂಕಟವಾಯಿತು. ಹಾಳಾಗುವುದರ ಚೆಲುವನ್ನು ಹುಡುಕುತ್ತ ಇಷ್ಟು ಊರು ಸುತ್ತಿದ್ದೆ. ಹಾಳಾಗದಂತೆ ಒಬ್ಬರು ಕಾಯುತ್ತಿರುವುದು ಕಣ್ಣಿಗೇ ಬಿದ್ದಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೇಡಂಗೆ ಎಲ್ಲ ಹೇಳಿದೆ, ಕೊನೆಯ ಮಾತನ್ನೂ ಬಿಡಲಿಲ್ಲ. ಅವರ ಮುಂದಿನ ಚಹಾ ಆರಿತು. ಆಮೇಲೆ ಮೊಬೈಲು ಎತ್ತಿಕೊಂಡರು. ಅಕ್ಕನ ನಂಬರನ್ನು ಸಿಟ್ಟಿನಲ್ಲಿ ಅಳಿಸಿ ಹಾಕಿದ್ದರಂತೆ, ಬೆರಳುಗಳು ಮರೆತಿರಲಿಲ್ಲ. ರಿಂಗಾಯಿತು. "ಅಕ್ಕಾ" ಎಂದರು.

ನನಗೆ ತುಳು ಅಷ್ಟಕ್ಕಷ್ಟೆ. ಆದರೆ ಆ ಕಡೆಯಿಂದ ಬಂದ ಮಾತು ಈ ಊರಿಗೆ ಬಂದವರೆಲ್ಲ ಮೊದಲ ವಾರವೇ ಕಲಿಯುವಂಥದು. ನಿನ್ನೆಯಷ್ಟೇ ಮಾತಾಡಿದ್ದವರ ಹಾಗೆ ಅಕ್ಕ ಕೇಳಿದರು:

"ವನಸ್ ಆಂಡಾ?"

ಊಟ ಆಯಿತಾ ಎಂದಷ್ಟೇ ಅರ್ಥ. ಮೇಡಂ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟರು.